"ಸ್ನಾನ ಆಗಲೇ ಆಯ್ತಲ್ಲ" ಅನ್ನುವ ಅಮ್ಮ
ಮರೆವಿನ ಕಾಯಿಲೆ ಇರುವವರಿಗೆ ದಿನವೂ ತಪ್ಪದೆ ಸ್ನಾನ ಮಾಡಿಸಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಅದೊಂದನ್ನು ಮಾತ್ರ ನಾನು ಒಪ್ಪಲ್ಲ. 4 ವರ್ಷದಿಂದ ಅಮ್ಮನನ್ನು ನೋಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ಪೂರ್ತಿ ಬಚ್ಚಲಮನೆ ಬಾಗಿಲಲ್ಲಿ ಜಗಳವಾಡುವುದರಲ್ಲೇ ಕಳೆಯಿತು. "ಆಗಲೇ ಆಯ್ತಲ್ಲ" ಅನ್ನುತ್ತಿದ್ದರು. ಸುಳ್ಳಲ್ಲ, ಅವರ ಲೆಕ್ಕದಲ್ಲಿ ನಿಜವಾಗಿಯೂ ಆಗಿರುತ್ತದೆ. ವಾದ ಮಾಡಿ ಏನು ಬಂತು?

ಈಗ ವಾರಕ್ಕೆ 2-3 ಸಲ ಸ್ನಾನ. ಉಳಿದ ದಿನ ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಮುಖ, ಕಂಕುಳು, ತೊಡೆಸಂದು ಒರೆಸಿ, ತೇವ ಉಳಿಯದಂತೆ ಒಣಗಿಸುತ್ತೇನೆ. ತಲೆ ಮೇಲೆ ನೀರು ಸುರಿದರೆ ಬೆಚ್ಚಿಬೀಳುತ್ತಿದ್ದರು. ಹಾಗಾಗಿ ಪಾದದಿಂದ ಶುರು, ಹೆಗಲ ಮೇಲೊಂದು ಟವೆಲ್. ಮಗ್ಗು ಅವರ ಕೈಗೇ ಕೊಟ್ಟರೆ ಇನ್ನೂ ಸಲೀಸು.

ಬಾಗಿಲ ಬಳಿ ಕಪ್ಪು ಮ್ಯಾಟ್ ಹಾಕಿದ್ದೆವು. ಅದನ್ನು ದಾಟಲು ಹೆದರಿ ಗೋಡೆ ಹಿಡಿದು ನಿಂತುಬಿಡುತ್ತಿದ್ದರು. ಅವರ ಕಣ್ಣಿಗೆ ಅದು ಗುಂಡಿ ಥರ ಕಾಣುತ್ತಿತ್ತು! ತೆಗೆದ ಮೇಲೆ ಅರ್ಧ ಗಲಾಟೆ ನಿಂತಿತು.

ಲೇಖನದಲ್ಲಿ ಬಿಟ್ಟುಹೋದ ಮಾತೊಂದಿದೆ. ಬಟ್ಟೆಯಲ್ಲೇ ಮೂತ್ರ ಹೋಗುವುದು ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಗೊಂದಲವೂ ಹೆಚ್ಚಿದರೆ, ಕಾಯಿಲೆ ಮುಂದುವರಿಯಿತು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ. ನಮಗೆ ಅದು ಗೊತ್ತಾಗಲು 10 ದಿನ ಬೇಕಾಯಿತು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಹಾಂ, ಬಟ್ಟೆ ಬದಲಿಸುವ ವಿಷಯ. ನೀಲಿ ನೈಟಿ ಒಂದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅದೇ ಥರದ್ದು ಇನ್ನೂ 3 ತಂದಿಟ್ಟೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ.