ಎಕ್ಸ್‌ಬಾಕ್ಸ್ ಸೋತರೆ ಪ್ಲೇಸ್ಟೇಷನ್ ಇರುವವರು ಯಾಕೆ ಖುಷಿಪಡಬೇಕು?

ಮೈಕ್ರೋಸಾಫ್ಟ್‌ನ ವಿಡಿಯೋ ಗೇಮ್ ಯಂತ್ರ, ಅಂದರೆ ಎಕ್ಸ್‌ಬಾಕ್ಸ್ ಕನ್ಸೋಲ್, ಅದರ ಮಾರಾಟ ಕುಸೀತಿದೆ ಅಂತ ಸುದ್ದಿ ಬಂದಾಗಲೆಲ್ಲ ನನ್ನ ಗೆಳೆಯರ ಗುಂಪಿನಲ್ಲಿ ಹಬ್ಬದ ವಾತಾವರಣ. ಅವರಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಅದರ ಎದುರಾಳಿ, ಸೋನಿ ಕಂಪನಿಯ ಪ್ಲೇಸ್ಟೇಷನ್. ನನ್ನ ಮನೆಯಲ್ಲಿರುವುದೂ ಅದೇ. ಆದರೂ ಆ ಸುದ್ದಿ ಓದಿ ನನಗೆ ಬೇಜಾರಾಗುತ್ತದೆ. ಯಾಕೆ ಅಂತ ಪ್ರತಿ ಸಲ ಎರಡು ಸಾಲಿನಲ್ಲಿ ಹೇಳಲು ಹೋಗಿ ಜಗಳವಾಗಿದೆ. ಅದಕ್ಕೇ ಇವತ್ತು ಉದ್ದಕ್ಕೆ ಬರೀತಿದ್ದೇನೆ.

2013ರ ಜೂನ್ ನೆನಪಿದೆಯಾ? ಮೈಕ್ರೋಸಾಫ್ಟ್ ಆಗಷ್ಟೇ ಎಕ್ಸ್‌ಬಾಕ್ಸ್ ಒನ್ ತೋರಿಸಿತ್ತು. ಅದರ ಶರತ್ತುಗಳನ್ನು ಕೇಳಿದವರಿಗೆ ಸಿಟ್ಟು ಬಂದಿತ್ತು. 24 ಗಂಟೆಗೊಮ್ಮೆಯಾದರೂ ಕನ್ಸೋಲ್ ಇಂಟರ್ನೆಟ್‌ಗೆ ಸೇರಬೇಕು, ಇಲ್ಲದಿದ್ದರೆ ಗೇಮ್ ನಡೆಯೋದಿಲ್ಲ. ದುಡ್ಡು ಕೊಟ್ಟು ತಂದ ಡಿಸ್ಕನ್ನು ಗೆಳೆಯನಿಗೆ ಕೊಡೋಕೆ, ಸೆಕೆಂಡ್ ಹ್ಯಾಂಡ್ ಮಾರೋಕೆ ಹತ್ತೆಂಟು ಕಟ್ಟುಪಾಡು. ಜೊತೆಗೆ ಬೇಡ ಅಂದರೂ ಕಿನೆಕ್ಟ್ ಕ್ಯಾಮೆರಾ ತಗೊಳ್ಳಲೇಬೇಕು. ಬೆಲೆ 499 ಡಾಲರ್.

ವಿಡಿಯೋ ಗೇಮ್‌ಗಳ ಇ3 ಮೇಳದಲ್ಲಿ ಸೋನಿಯವರು ವೇದಿಕೆಗೆ ಬಂದು, ನಮ್ಮ ಹೊಸ ಪ್ಲೇಸ್ಟೇಷನ್ 4ನಲ್ಲಿ (ಪಿಎಸ್4) ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗೆ ಯಾವ ತಡೆಯೂ ಇಲ್ಲ ಅಂದರು. ಸಭೆ ಎದ್ದು ಕೂಗಿತು. ಬೆಲೆ 399 ಅಂದರು. ಆಮೇಲೆ ಒಂದು ವಿಡಿಯೋ ಬಿಟ್ಟರು, ಅರ್ಧ ನಿಮಿಷವೂ ಇಲ್ಲ. ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ ಕಲಿಸುವ ಪಾಠದ ಥರ ಶುರುವಾಗುತ್ತದೆ. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕಿನ ಡಬ್ಬ ಕೊಡ್ತಾನೆ. ಅವನು ಥ್ಯಾಂಕ್ಸ್ ಅಂತಾನೆ. ಅಷ್ಟೇ, ಮುಗೀತು. ಹತ್ತು ದಿನ ಕಳೆಯೋದರೊಳಗೆ ಮೈಕ್ರೋಸಾಫ್ಟ್ ತನ್ನ ಶರತ್ತುಗಳನ್ನು ವಾಪಸ್ ತಗೊಂಡಿತು. ಮುಂದಿನ ವರ್ಷ ಕಿನೆಕ್ಟ್ ಇಲ್ಲದ ಕನ್ಸೋಲೂ ಬಂತು, 399 ಡಾಲರಿಗೇ.

ಆಗ ಎದುರಿಗೆ ಸೋನಿ ಇಲ್ಲದಿದ್ದರೆ? ಜನ ಬೈದುಕೊಂಡೇ ಕೊಳ್ಳುತ್ತಿದ್ದರು. ಬೇರೆ ದಾರಿ ಇಲ್ಲದಾಗ ಬೈಗುಳಕ್ಕೆ ಯಾವ ಕಂಪನಿಯೂ ಹೆದರೋದಿಲ್ಲ. ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋಗ್ತಾನೆ ಅಂದಾಗ ಮಾತ್ರ ಬಿಸಿ ಮುಟ್ಟುತ್ತದೆ.

ಸೋನಿ ಒಳ್ಳೆಯದು, ಮೈಕ್ರೋಸಾಫ್ಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದಕ್ಕಿಂತ ಏಳು ವರ್ಷ ಹಿಂದಕ್ಕೆ ಹೋಗಿ ನೋಡಿ. ಪಿಎಸ್2 ದಾಖಲೆ ಮಾರಾಟ ಕಂಡ ಮೇಲೆ, ತಾನು ಏನೇ ಕೊಟ್ಟರೂ ಜನ ತಗೋತಾರೆ ಅನ್ನೋ ಧೈರ್ಯದಲ್ಲಿದ್ದದ್ದು ಸೋನಿಯೇ. 2006ರಲ್ಲಿ ಪಿಎಸ್3 ತಂದಾಗ ಬೆಲೆ 499 ಮತ್ತು 599 ಡಾಲರ್ ಇಟ್ಟಿತು. ಅದಕ್ಕಿಂತ ಒಂದು ವರ್ಷ ಮುಂಚೆಯೇ ಬಂದಿದ್ದ ಎಕ್ಸ್‌ಬಾಕ್ಸ್ 360 ಶುರುವಾಗಿದ್ದು 299ರಿಂದ. ಏಟು ಬಿತ್ತು. 2009ರಲ್ಲಿ ಸ್ಲಿಮ್ ಪಿಎಸ್3 ಬಂದದ್ದು 299ಕ್ಕೆ. ಗೇಮ್‌ನಲ್ಲಿ ಸಾಧನೆ ಮಾಡಿದವರಿಗೆ ಎಕ್ಸ್‌ಬಾಕ್ಸ್ ಕೊಡುತ್ತಿದ್ದ ಅಚೀವ್‌ಮೆಂಟ್ ಬಿರುದು ನೋಡಿ, ಅದೇ ಥರದ ಟ್ರೋಫಿ ತಂದರು. ಪಿಎಸ್ ಪ್ಲಸ್ ಅನ್ನೋ ಚಂದಾ ಸೇವೆಯಲ್ಲಿ ತಿಂಗಳು ತಿಂಗಳು ಗೇಮ್ ಕೊಡೋಕೆ ಶುರು ಮಾಡಿದರು. ಅದನ್ನು ನೋಡಿ 2013ರಲ್ಲಿ ಮೈಕ್ರೋಸಾಫ್ಟ್ ಕೂಡ ಕೊಡಬೇಕಾಯಿತು. ಗೆದ್ದವನಿಗೆ ಸೊಕ್ಕು ಬರುತ್ತದೆ, ಸೋತವನು ನಮ್ಮನ್ನು ಚೆನ್ನಾಗಿ ನೋಡಿಕೊಳ್ತಾನೆ. ಹೆಸರು ಮಾತ್ರ ಅದಲು ಬದಲು.

ಇದು ಹಳೇ ಕಥೆಯೇ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆ ಹೆಚ್ಚುಕಮ್ಮಿ ಪೂರ್ತಿ ಇನ್ನೊಂದು ಕನ್ಸೋಲ್ ಕಂಪನಿ ನಿಂಟೆಂಡೊ ಕೈಯಲ್ಲಿತ್ತು. ಗೇಮ್ ಮಾಡುವ ಕಂಪನಿ ವರ್ಷಕ್ಕೆ ಐದೇ ಗೇಮ್ ತರಬೇಕು. ಆ ಗೇಮನ್ನು ಎರಡು ವರ್ಷ ಬೇರೆ ಕನ್ಸೋಲ್‌ಗೆ ಕೊಡೋ ಹಾಗಿಲ್ಲ. ಗೇಮ್ ತುಂಬಿಸಿ ಮಾರುವ ಕಾರ್ಟ್ರಿಜ್ ಮಾಡಿಕೊಡೋದೂ ನಿಂಟೆಂಡೊನೇ. ಎಲ್ಲರ ಜುಟ್ಟೂ ಅದರ ಕೈಯಲ್ಲಿತ್ತು. ಎದುರಾಳಿ ಕನ್ಸೋಲ್ ಕಂಪನಿ ಸೆಗಾ ಗಟ್ಟಿಯಾಗಿ ಕಾಲೂರಿದ ಮೇಲೆ, ಕೋರ್ಟು ಕಚೇರಿಯ ಒತ್ತಡವೂ ಸೇರಿ, ಆ ಹಿಡಿತ ಸಡಿಲವಾಯಿತು.

ಹಾಗಂತ ಪೈಪೋಟಿ ಇದ್ದರೆ ಸಾಕು, ಎಲ್ಲ ಒಳ್ಳೆಯದಾಗುತ್ತದೆ ಅನ್ನೋ ಮಾತನ್ನೂ ನಾನು ನಂಬೋದಿಲ್ಲ. ಪೈಪೋಟಿಯಲ್ಲಿರುವವರು ಒಬ್ಬರಿಂದೊಬ್ಬರು ಒಳ್ಳೆಯದನ್ನಷ್ಟೇ ಕಲಿಯೋದಿಲ್ಲ. ನಾವು ದುಡ್ಡು ಕೊಟ್ಟು ತಂದ ಗೇಮನ್ನು, ನಾವೇ ಬಿಲ್ಲು ಕಟ್ಟುವ ಇಂಟರ್ನೆಟ್ಟಿನಲ್ಲಿ ಗೆಳೆಯರ ಜೊತೆ ಆಡೋಕೆ ಬೇರೆ ಚಂದಾ ಕಟ್ಟಬೇಕು ಅನ್ನೋ ಪದ್ಧತಿಯನ್ನೇ ನೋಡಿ. 2002ರಲ್ಲಿ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆ ಎಕ್ಸ್‌ಬಾಕ್ಸ್ ಲೈವ್ ಅದನ್ನು ರೂಢಿಗೆ ತಂದಿತು. ಪಿಎಸ್3ನಲ್ಲಿ ಅದು ಪುಕ್ಕಟೆ ಇತ್ತು. ನಾವೆಲ್ಲ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ತಿದ್ದೆವು. ಆದರೆ ಡಿಸ್ಕ್ ಮಾತಿಗೆ ಜನ ಎದ್ದು ಕೂಗಿದ ಅದೇ 2013ರ ಇ3 ಸಮಯದಲ್ಲೇ, ಪಿಎಸ್4ನಲ್ಲಿ ಆನ್‌ಲೈನ್ ಆಡೋಕೆ ಪಿಎಸ್ ಪ್ಲಸ್ ಬೇಕು ಅನ್ನೋದೂ ಹೊರಬಿತ್ತು. ಆ ಸಂಭ್ರಮದಲ್ಲಿ ಅದರ ಬಗ್ಗೆ ಅಷ್ಟೊಂದು ಗಲಾಟೆ ಆಗಲಿಲ್ಲ. 2018ರಲ್ಲಿ ನಿಂಟೆಂಡೊ ಕೂಡ ಅದೇ ದಾರಿ ಹಿಡಿಯಿತು. ಈಗ ಮೂವರೂ ದುಡ್ಡು ಕೇಳ್ತಾರೆ. ಇದರಲ್ಲಿ ಆಟಗಾರರಿಗೆ ಸಿಕ್ಕಿದ್ದೇನು?

ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಕಂಪನಿಯ ಕನ್ಸೋಲಿನಲ್ಲಿ ಸಿಗುವ ಗೇಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಥರ. ತಮ್ಮದೇ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಗೇಮನ್ನು ತಮ್ಮ ಕನ್ಸೋಲಿಗೇ ಇಟ್ಟುಕೊಳ್ಳಲಿ, ಬೇಡ ಅನ್ನೋದಿಲ್ಲ. ಆ ಪೈಪೋಟಿ ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಗೇಮ್‌ಗಳಿಗೆ ಅಷ್ಟು ದುಡ್ಡು ಹಾಕುವವರೇ ಇರುತ್ತಿರಲಿಲ್ಲ. ಆದರೆ ಎಲ್ಲ ಕಡೆ ಬರಬೇಕಾದ ಗೇಮನ್ನು ದುಡ್ಡು ಕೊಟ್ಟು ತಡೆಯೋದು ಬೇರೆ. ಬೆಥೆಸ್ಡಾ ಅನ್ನೋ ಕಂಪನಿಯ ಗೇಮ್‌ಗಳನ್ನು ಪ್ಲೇಸ್ಟೇಷನ್‌ನಲ್ಲಿ ಜನ ವರ್ಷಗಳಿಂದ ಆಡ್ತಿದ್ದರು. 2021ರಲ್ಲಿ ಆ ಕಂಪನಿ ಮೈಕ್ರೋಸಾಫ್ಟ್ ಪಾಲಾಯಿತು. 2023ರಲ್ಲಿ ಅದರ ಹೊಸ ಗೇಮ್ ಸ್ಟಾರ್‌ಫೀಲ್ಡ್ ಬಂದಾಗ ಪ್ಲೇಸ್ಟೇಷನ್ ಇರುವವರಿಗೆ ಅದು ಸಿಗಲೇ ಇಲ್ಲ. ಸೋನಿ ಕೂಡ ಬೇರೆಯವರ ಗೇಮ್‌ಗಳನ್ನು ದುಡ್ಡು ಕೊಟ್ಟು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿದೆ. ಇಲ್ಲಿ ಹೊಸದಾಗಿ ಏನೂ ಹುಟ್ಟಲಿಲ್ಲ. ಒಬ್ಬರ ತಟ್ಟೆಯಲ್ಲಿದ್ದದ್ದನ್ನು ಕಿತ್ತುಕೊಂಡಿದ್ದಷ್ಟೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರೋದು ಬೇರೆ ಕಡೆ. ಎದ್ದು ಪಕ್ಕದ ಅಂಗಡಿಗೆ ಹೋಗುವ ಗಿರಾಕಿ ಅಂದೆ ಅಲ್ವಾ, ಈಗ ಆ ಗಿರಾಕಿಯ ಕಾಲನ್ನೇ ಕಟ್ಟಿಹಾಕಿದ್ದಾರೆ.

ಮೊನ್ನೆ ಅಕ್ಕನ ಮಗ ಮನೆಗೆ ಬಂದಿದ್ದ. ನನ್ನ ಕನ್ಸೋಲ್ ಆನ್ ಮಾಡಿ ಗೇಮ್‌ಗಳ ಪಟ್ಟಿಯನ್ನು ಕೆಳಗೆ ತಳ್ಳುತ್ತಾ ಹೋದ. ಎಪ್ಪತ್ತಕ್ಕೂ ಜಾಸ್ತಿ ಇವೆ. ಒಂದರ ಮೇಲೆ ನಿಂತು, "ಮಾಮ, ಇದನ್ನು ಒಂದು ವಾರ ಕೊಡ್ತೀಯಾ? ಆಡಿ ವಾಪಸ್ ಕೊಡ್ತೀನಿ" ಅಂದ. ಅವನ ಮನೆಯಲ್ಲಿರುವ ಕನ್ಸೋಲೂ ಅದೇ ಕಂಪನಿಯದು. ಆದರೆ ಕೊಡೋಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅದು ಡೌನ್‌ಲೋಡ್ ಮಾಡಿದ ಗೇಮ್. ಕೊನೆಗೆ ಶೆಲ್ಫಿನಲ್ಲಿ ಉಳಿದಿದ್ದ ನಾಲ್ಕು ಡಿಸ್ಕ್‌ಗಳಲ್ಲಿ ಒಂದನ್ನು ಆರಿಸಿಕೊಂಡು ಹೋದ. ಅವನು ಕೇಳಿದ್ದು ಅದಲ್ಲ.

ಆ ಎಪ್ಪತ್ತು ಗೇಮ್ ಬಿಟ್ಟು ನಾಳೆ ನಾನು ಇನ್ನೊಂದು ಕಂಪನಿಯ ಕನ್ಸೋಲಿಗೆ ಹೋಗ್ತೀನಾ? ಕಷ್ಟ. ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ 2023ರಲ್ಲಿ ಇದನ್ನೇ ಒಪ್ಪಿಕೊಂಡರು. ಎಕ್ಸ್‌ಬಾಕ್ಸ್ ಒನ್ ಕಾಲದಲ್ಲಿ ತಾವು ಸೋತದ್ದು ಬಹಳ ಕೆಟ್ಟ ಹೊತ್ತಿನಲ್ಲಿ, ಯಾಕೆಂದರೆ ಜನ ಡಿಜಿಟಲ್ ಲೈಬ್ರರಿ ಕಟ್ಟಿಕೊಂಡಿದ್ದು ಆಗಲೇ ಅಂತ. ಅವರಿಗೆ ಅದು ವ್ಯಾಪಾರದ ಲೆಕ್ಕ. ನಮಗೆ ಮಾತ್ರ ಚೌಕಾಸಿ ಮಾಡುವ ಶಕ್ತಿಯೇ ಹೋದ ಹಾಗೆ.

ಬೆಲೆಯಲ್ಲಿ ಅದು ಕಾಣಿಸ್ತಿದೆ ಅಂತ ನನಗನಿಸುತ್ತದೆ. ಪಿಎಸ್2 ಶುರುವಾಗಿದ್ದು 299 ಡಾಲರಿಗೆ, 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಕನ್ಸೋಲ್ ಹಳೆಯದಾದಷ್ಟೂ ಅಗ್ಗ, ಕಾದವನಿಗೆ ಲಾಭ. ಈಗ ಉಲ್ಟಾ. 2020ರಲ್ಲಿ 499ಕ್ಕೆ ಬಂದ ಪಿಎಸ್5 ಬೆಲೆ ಐದು ವರ್ಷದ ಮೇಲೆ ಅಮೆರಿಕದಲ್ಲಿ 549 ಆಯಿತು. ಅದೇ ವರ್ಷ ಎಕ್ಸ್‌ಬಾಕ್ಸ್ ಎರಡು ಸಲ ಬೆಲೆ ಏರಿಸಿತು. ಸುಂಕ, ಚಿಪ್ ಖರ್ಚು ಎಲ್ಲ ಕಾರಣಗಳಿವೆ, ನಿಜ. ಆದರೆ ಎದುರಾಳಿ ಬೆಲೆ ಇಳಿಸಿ ಗಿರಾಕಿಯನ್ನು ಸೆಳೆದುಬಿಟ್ಟಾನು ಅನ್ನೋ ಹೆದರಿಕೆ ಇಬ್ಬರಲ್ಲೂ ಕಾಣಲಿಲ್ಲ.

2025ರಲ್ಲಿ ಎಕ್ಸ್‌ಬಾಕ್ಸ್‌ನ ಹೆಸರಾಂತ ಗೇಮ್ ಗೇರ್ಸ್ ಆಫ್ ವಾರ್ ಪಿಎಸ್5ಗೆ ಬಂದಾಗ ಗುಂಪಿನಲ್ಲಿ ಎಲ್ಲರೂ ಗೆದ್ದೆವು ಅಂದರು. ಆ ಗೇಮ್ ಸಿಕ್ಕಿದ್ದು ನನಗೂ ಖುಷಿಯೇ. ಆದರೆ ಮೈಕ್ರೋಸಾಫ್ಟ್ ಮುಂದೆ ಕನ್ಸೋಲ್ ಮಾಡೋದನ್ನೇ ಬಿಟ್ಟರೆ, 2013ರಲ್ಲಿ ಆದ ಹಾಗೆ ಯಾರಾದರೂ ಹತ್ತು ದಿನದಲ್ಲಿ ಶರತ್ತು ವಾಪಸ್ ತಗೋತಾರಾ? 2024ರಲ್ಲಿ ಬಂದ ಪಿಎಸ್5 ಪ್ರೊದಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕಿದ್ದರೆ ಬೇರೆ ಕೊಳ್ಳಬೇಕು. 2013ರಲ್ಲಿ ಡಿಸ್ಕನ್ನು ಕೈಯಿಂದ ಕೈಗೆ ದಾಟಿಸಿ ವಿಡಿಯೋ ಮಾಡಿದ್ದೂ ಅದೇ ಕಂಪನಿ.