ಗಮನಕ್ಕೆ ತಂದಿಲ್ಲ

ಪುರಸಭೆಯ ಸಾಮಾನ್ಯ ಸಭೆಯ ವರದಿ ಪೇಪರಿನಲ್ಲಿ ಬಂದರೆ ನಾನು ಮೊದಲು ಹುಡುಕುವುದು ಒಂದೇ ಮಾತನ್ನು. "ನಮ್ಮ ಗಮನಕ್ಕೆ ತಂದಿಲ್ಲ." ಹೆಚ್ಚುಕಮ್ಮಿ ಪ್ರತಿ ಸಲ ಸಿಗುತ್ತದೆ. ಕರಾವಳಿಯ ಊರಿರಲಿ, ಘಟ್ಟದ ಮೇಲಿನದಿರಲಿ, ಯಾರೋ ಒಬ್ಬ ಸದಸ್ಯರು ಎದ್ದು ನಿಂತು ಸದಸ್ಯರ ಗಮನಕ್ಕೆ ತಾರದೆ ಕಾಮಗಾರಿ ಮಾಡಿದ್ದಾರೆ ಎಂದು ಸಿಟ್ಟಾಗಿರುತ್ತಾರೆ. ಕೆಳಗಿನ ಸಾಲಿನಲ್ಲಿ ಅಧಿಕಾರಿಯ ಉತ್ತರ. "ವಿಷಯ ಗಮನಕ್ಕೆ ಬಂದಿದೆ, ಕ್ರಮ ಕೈಗೊಳ್ಳಲಾಗುವುದು." ಒಬ್ಬರ ಗಮನಕ್ಕೆ ಬಂದದ್ದು ಇನ್ನೊಬ್ಬರ ಗಮನಕ್ಕೆ ಹೋಗುವುದರೊಳಗೆ ರಸ್ತೆ ಅಗೆದು, ಪೈಪು ಹಾಕಿ, ಮಣ್ಣು ಮುಚ್ಚಿ, ಆ ಮಣ್ಣು ಮಳೆಗೆ ಕುಸಿದು, ಅದರಲ್ಲೊಂದು ಸ್ಕೂಟರ್ ಬಿದ್ದಾಗಿರುತ್ತದೆ.

ಈ ಗಮನ ಎನ್ನುವುದು ಎಲ್ಲಿರುತ್ತದೆ ಎಂದು ನನಗೆ ಬಹಳ ದಿನದ ಕುತೂಹಲ. ತರಬೇಕು ಅಂದರೆ ದೂರವೇ ಇರಬೇಕಲ್ವಾ? ನಮ್ಮೂರ ಪುರಸಭೆಯ ಕಚೇರಿಯಿಂದ ನಮ್ಮ ಅತ್ತಿಗೆಯ ಮನೆಗೆ ನಡೆದರೆ ಆರು ನಿಮಿಷ. ನಡುವೆ ಚಾ ಅಂಗಡಿಯಲ್ಲಿ ಕೂತರೆ ಅರ್ಧ ಗಂಟೆ. ಆದರೂ ಎಷ್ಟೋ ಸುದ್ದಿಗಳು ಆ ದಾರಿ ಮುಗಿಸದೆ ನಡುವೆಯೇ ಕಳೆದುಹೋದವು. ಊರು ಯಾವುದು ಅಂತ ಹೇಳುವುದಿಲ್ಲ. ಹೆದ್ದಾರಿ 66 ಕಾರವಾರದಿಂದ ಭಟ್ಕಳಕ್ಕೆ ಹೋಗುವಾಗ ಎಡಕ್ಕೋ ಬಲಕ್ಕೋ ಸಿಗುತ್ತದೆ. ಹೆಸರು ಬರೆದರೆ ಮೀನು ಪೇಟೆಯಲ್ಲಿ ನನಗೆ ಬಂಗಡೆ ಸರಿಯಾಗಿ ಸಿಗುವುದಿಲ್ಲ.

ಅತ್ತಿಗೆ ಶಾಲೆಯಲ್ಲಿ ಅಕ್ಕೋರಾಗಿ ರಿಟೈರ್ ಆದವರು. ನಮ್ಮ ಜಿಲ್ಲೆಯಲ್ಲಿ ಹೆಂಗಸು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ರಿಟೈರ್ ಆದರೂ, ಎಲೆಕ್ಷನ್ ಗೆದ್ದರೂ ಆ ಹೆಸರು ಹೋಗುವುದಿಲ್ಲ. ವಾರ್ಡು ಮಹಿಳಾ ಮೀಸಲಾಯಿತು. ಜನ ಬಂದು ಜಗಲಿಯಲ್ಲಿ ಕೂತರು. "ನೀವೇ ನಿಲ್ಲಬೇಕು ಅಕ್ಕೋರೇ" ಎಂದವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಮಗ್ಗಿ ತಪ್ಪಿ ಪೆಟ್ಟು ತಿಂದವರು. 2018ರ ಆಗಸ್ಟ್ 31ಕ್ಕೆ ಮತದಾನ ಆಯಿತು, ಅತ್ತಿಗೆ ಗೆದ್ದರು. ಪಟಾಕಿ ಹೊಡೆದದ್ದೂ ಆಯಿತು. ಆಮೇಲೆ ಎರಡು ವರ್ಷ ಏನೂ ಇಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದವರು 2020ರ ಕೊನೆಯವರೆಗೆ ಸುಮ್ನೆ ಕೂತರು. ಸರ್ಟಿಫಿಕೇಟ್ ಇದೆ, ಅಧಿಕಾರ ಇಲ್ಲ. ನಿಶ್ಚಿತಾರ್ಥವಾಗಿ ಮದುವೆ ಮುಂದಕ್ಕೆ ಹೋದ ಮನೆಯ ಹಾಗೆ.

ಆದರೆ ಫೋನು ಯಾವ ಕೋರ್ಟಿಗೂ ಕಾಯಲಿಲ್ಲ. ಗೆದ್ದ ಮರುದಿನ ಬೆಳಿಗ್ಗೆ ಆರಕ್ಕೇ ಶುರು.

"ಅಕ್ಕೋರೇ, ಇವತ್ತು ನೀರು ಬತ್ತದಾ?"

ಅತ್ತಿಗೆಗೆ ಎಂತ ಗೊತ್ತು? ಅವರೂ ಅದೇ ನಲ್ಲಿಯ ಕೆಳಗೆ ಕೊಡ ಇಟ್ಟು ಕಾಯುವವರು. ಆದರೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ನಲವತ್ತು ವರ್ಷ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದವರು ಈಗ ಉತ್ತರ ಬರದೆ ನಿಂತರು. ಆಗ ಅವರು ಮಾಡಿದ್ದು ಒಂದೇ ಕೆಲಸ. ನೀರು ಬಿಡುವವನನ್ನು ಹಿಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು, 1993ರ ಜೂನ್ 1ರಿಂದ ಜಾರಿಗೆ ಬಂತು, ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳ ಪಟ್ಟಿ ಇದೆ. ಎಲ್ಲ ಸರಿ. ಮೂರು ಲಕ್ಷಕ್ಕಿಂತ ಕಡಿಮೆ ಇಲ್ಲದ ಊರಿಗೆ ವಾರ್ಡ್ ಸಮಿತಿ ಬೇಕು ಎಂದೂ ಅದರಲ್ಲಿದೆ. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಯೇ ಹದಿನಾಲ್ಕು ಲಕ್ಷ ಚಿಲ್ಲರೆ. ಸಂತೆಯ ದಿನ ದನಕರು ಸೇರಿಸಿ ಎಣಿಸಿದರೂ ನಮ್ಮೂರಲ್ಲಿ ಮೂರು ಲಕ್ಷ ತಲೆ ಆಗುವುದಿಲ್ಲ. ಹಾಗಾಗಿ ನಮಗೆ ಅತ್ತಿಗೆಯ ಜಗಲಿಯೇ ವಾರ್ಡ್ ಸಮಿತಿ. ಆ ಸಮಿತಿಗೆ ಮಾಹಿತಿ ಕೊಡುತ್ತಿದ್ದವನು ಮುಖ್ಯಾಧಿಕಾರಿಯಲ್ಲ, ಈ ನೀರು ಬಿಡುವವ. ಹೆಗಲ ಮೇಲೆ ಉದ್ದದ ಕಬ್ಬಿಣದ ಚಾವಿ, ಮೊಳಕಾಲವರೆಗೆ ಮಡಚಿದ ಪ್ಯಾಂಟು, ಹಳೆಯ ಸೈಕಲ್ಲು. ಟ್ಯಾಂಕಿನಲ್ಲಿ ಎಷ್ಟು ಅಡಿ ನೀರಿದೆ, ಯಾವ ಮೋಟರು ಸುಟ್ಟಿದೆ, ಯಾವ ಓಣಿಯ ಪೈಪು ಯಾರ ಕಂಪೌಂಡಿನ ಅಡಿಯಿಂದ ಹೋಗಿದೆ, ಎಲ್ಲ ಅವನ ತಲೆಯಲ್ಲಿ. ನಮ್ಮ ಓಣಿಯ ತಿರುವಿನಲ್ಲಿ ಕಲ್ಲುಚಪ್ಪಡಿ ಸರಿಸಿ, ಬಗ್ಗಿ, ಚಾವಿಯನ್ನು ಗುಂಡಿಗೆ ಇಳಿಸಿ ಆರು ಸುತ್ತು ತಿರುಗಿಸುತ್ತಿದ್ದ. ಅತ್ತಿಗೆ ಒಂದು ಲೋಟ ಚಾ ಕೊಡುತ್ತಿದ್ದರು. ಚಾ ಮುಗಿಯುವುದರೊಳಗೆ ಪುರಸಭೆಯ ಅರ್ಧ ಆಡಳಿತ ಗಮನಕ್ಕೆ ಬಂದಿರುತ್ತಿತ್ತು.

ಉಳಿದರ್ಧ ಬರುತ್ತಿರಲಿಲ್ಲ. ಅದೇ ತೊಂದರೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು, ಮೇಲಿದ್ದ ಲಾರಿ ಹೊಳೆಗೆ ಬಿತ್ತು. ಬೆಳಿಗ್ಗೆ ಹಾಲಿನವ ಬರುವ ಮೊದಲೇ ಸದಾಶಿವಗಡದ ನೆಂಟರಿಂದ ನಮಗೆ ಸುದ್ದಿ ಬಂತು, ವಿಡಿಯೋ ಸಮೇತ. ಆದರೆ ನಮ್ಮದೇ ಓಣಿಯ ಗಟಾರ ಅಗೆಯುವ ಸುದ್ದಿ ಅತ್ತಿಗೆಗೆ ತಿಳಿದದ್ದು ಜೆಸಿಬಿ ಬಂದು ಅವರ ದಾಸವಾಳದ ಗಿಡ ಕಿತ್ತ ಮೇಲೆ.

ಮಳೆಗಾಲದ ಪ್ರಶ್ನೆಯೇ ಬೇರೆ. ಜುಲೈ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ಫೋನು. "ಅಕ್ಕೋರೇ, ನಾಳೆ ಶಾಲೆಗೆ ರಜೆಯಾ?" ರಜೆ ಕೊಡುವವರು ಜಿಲ್ಲಾಧಿಕಾರಿ. ಪುರಸಭೆಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಓಟು ಹಾಕಿದ ಮೇಲೆ ಮಳೆಯೂ ಸದಸ್ಯರದ್ದೇ. ಒಂದು ಸಲ ಹಿಂದಿನ ವರ್ಷದ ಆದೇಶವನ್ನು ಯಾರೋ ತಾರೀಖು ತಿದ್ದಿ ಮೊಬೈಲಿನಲ್ಲಿ ಹರಿಬಿಟ್ಟಿದ್ದರು. ಅತ್ತಿಗೆ ಕನ್ನಡಕ ಹಾಕಿಕೊಂಡು ಓದಿ, ಒತ್ತಕ್ಷರ ತಪ್ಪಿದೆ, ಇದು ಕಚೇರಿಯ ಆದೇಶ ಅಲ್ಲ ಎಂದು ತೀರ್ಪು ಕೊಟ್ಟರು. ಆವತ್ತು ರಜೆ ಇರಲಿಲ್ಲ. ನಲವತ್ತು ಮನೆಯ ಮಕ್ಕಳು ಅತ್ತಿಗೆಗೆ ಶಾಪ ಹಾಕುತ್ತ ರೇನ್‌ಕೋಟು ಹಾಕಿಕೊಂಡರು.

ಕಾರ್ಯಕ್ರಮಗಳದ್ದು ಇನ್ನೂ ನಾಜೂಕು. ದೊಡ್ಡ ಹಬ್ಬಗಳನ್ನು ಯಾರಿಗೂ ತಿಳಿಸಬೇಕಿಲ್ಲ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ದೇವಿ ಬಿಡ್ಕಿಬೈಲಿನ ಗದ್ದುಗೆಗೆ ಬರುವ ದಿನ ಯಾವುದೆಂದು ಘಟ್ಟದ ಕೆಳಗಿನ ನಮಗೂ ಗೊತ್ತಿರುತ್ತದೆ, ಬಳೆ ಕೊಳ್ಳಲು ದುಡ್ಡು ಕೂಡಿಡುವುದು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಗೊತ್ತಾಗದೆ ಹೋಗುವುದು ಸಣ್ಣವು. ಶಾಲೆಯ ಮೈದಾನದಲ್ಲಿ ಹೊನಲು ಬೆಳಕಿನ ಕ್ರಿಕೆಟ್ಟು, ಪಕ್ಕದ ಬಯಲಿನಲ್ಲಿ ಯಕ್ಷಗಾನ, ಆಚೆ ಮನೆಯಲ್ಲಿ ಹನ್ನೆರಡನೇ ದಿನದ ಊಟ, ಮೂರೂ ಒಂದೇ ಶನಿವಾರ. ಒಂದಕ್ಕೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಐದು ವರ್ಷ ನೆನಪಿಡುತ್ತಾರೆ. ಇನ್ನು ಆಮಂತ್ರಣ ಪತ್ರಿಕೆ. ಅದರಲ್ಲಿ ಹೆಸರು ಬಿಟ್ಟರೆ ಶಿಷ್ಟಾಚಾರ ಉಲ್ಲಂಘನೆ. ಹೆಸರು ಹಾಕಿ ಅಕ್ಷರ ಸಣ್ಣದು ಮಾಡಿದರೆ ಇನ್ನೂ ದೊಡ್ಡ ಉಲ್ಲಂಘನೆ. ಹೆಸರು ದೊಡ್ಡದಾಗಿಯೇ ಹಾಕಿ, ಕಾರ್ಡು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ಕೊಟ್ಟ ಉದಾಹರಣೆಯೂ ಉಂಟು. ಆ ಕಾರ್ಡನ್ನು ಅತ್ತಿಗೆ ಇನ್ನೂ ಇಟ್ಟಿದ್ದಾರೆ. ಹಪ್ಪಳದ ಡಬ್ಬದ ಮುಚ್ಚಳ ಸಡಿಲ, ಅದಕ್ಕೆ ಬೇಕಾಗುತ್ತದೆ.

ಹೀಗಿರುವಾಗ ಕಚೇರಿಗೆ ಒಬ್ಬ ಹೊಸ ಗುಮಾಸ್ತ ಬಂದ. ಅವನೂ ಅತ್ತಿಗೆಯ ಹಳೇ ವಿದ್ಯಾರ್ಥಿ. ಅಕ್ಷರ ದುಂಡಗೆ. ಅವನಿಗೆ ಯಾರು ಹೇಳಿಕೊಟ್ಟರೋ, ಶುಕ್ರವಾರ ಸಂಜೆ ಒಂದು ಹಾಳೆಯಲ್ಲಿ ಮುಂದಿನ ವಾರದ ಸಂಗತಿಗಳನ್ನು ಬರೆದು, ಝೆರಾಕ್ಸ್ ಮಾಡಿಸಿ, ಎಲ್ಲ ಸದಸ್ಯರ ಮನೆಗೆ ಕಳಿಸತೊಡಗಿದ. ಮೇಲೆ ಸಂಬಂಧ, ಉಲ್ಲೇಖ, ವಿಷಯ, ಮಾನ್ಯರೇ, ಯಾವುದೂ ಇಲ್ಲ. ನೇರ ಸಂಗತಿ. ಮೊದಲ ಹಾಳೆ ನನಗೆ ಹೆಚ್ಚುಕಮ್ಮಿ ಬಾಯಿಪಾಠ ಇದೆ. ನೀರು ಸೋಮವಾರ ಮತ್ತು ಗುರುವಾರ, ಬುಧವಾರ ಕೇಳಬೇಡಿ. ಮೀನು ಪೇಟೆ ಹಿಂದಿನ ಗಟಾರಕ್ಕೆ ಚಪ್ಪಡಿ ಬಂದಿದೆ, ಹಾಕಿಲ್ಲ. ಬೀದಿದೀಪ ಹನ್ನೊಂದು ಹೋಗಿವೆ, ಸ್ಟೋರಿನಲ್ಲಿ ನಾಲ್ಕು ಇವೆ. ಕಸದ ಗಾಡಿಯ ಟಯರು ಹೋಗಿದೆ, ಮಂಗಳವಾರದವರೆಗೆ ಒಂದೇ ಗಾಡಿ. ಶನಿವಾರ ರಾತ್ರಿ ಮೈದಾನದಲ್ಲಿ ಆಟ, ಅದೇ ಹೊತ್ತಿಗೆ ಸಂಘದವರ ಸನ್ಮಾನ, ಅಲ್ಲಿ ಊಟ ಇದೆ.

ಅಲ್ಲಿ ಊಟ ಇದೆ! ಸರ್ಕಾರಿ ಕಾಗದದಲ್ಲಿ ಇಷ್ಟು ಕೆಲಸಕ್ಕೆ ಬರುವ ವಾಕ್ಯ ನಾನು ನೋಡಿರಲಿಲ್ಲ.

ಅತ್ತಿಗೆಯ ಬೆಳಗು ಬದಲಾಯಿತು. ಫೋನು ಬಂದರೆ ಹಾಳೆ ನೋಡಿ ಹೇಳುವುದು. "ಬುಧವಾರ ಇಲ್ಲ. ಗುರುವಾರ ಆರೂವರೆಗೆ. ಡ್ರಮ್ಮು ತೊಳೆದಿಡು." ಹೆಂಗಸರು ಅವರನ್ನು ನೋಡುವ ದೃಷ್ಟಿಯೇ ಬೇರೆಯಾಯಿತು. ಪಂಚಾಂಗದ ಭಟ್ಟರಿಗೂ ಇಷ್ಟು ಗೌರವ ಇರಲಿಲ್ಲ.

ಆದರೆ ಎಲ್ಲರಿಗೂ ಹಾಳೆ ರುಚಿಸಲಿಲ್ಲ, ತಮಾಷೆ ಇರುವುದೇ ಇಲ್ಲಿ. ಇನ್ನೊಂದು ವಾರ್ಡಿನ ಸದಸ್ಯರೊಬ್ಬರು ಸಂಜೆ ಜಗಲಿಗೆ ಬಂದು ಕೂತು, ಕವಳ ಹಾಕಿಕೊಂಡು, ಬೇಜಾರಿನಲ್ಲಿ ಹೇಳಿದರು. "ಅಕ್ಕೋರೇ, ಎಲ್ಲ ಮೊದಲೇ ಬರೆದು ಕಳಿಸಿದ್ರೆ ಮೀಟಿಂಗಲ್ಲಿ ಎಂತ ಮಾತಾಡುದು?"

ನಾವು ನಕ್ಕೆವು. ಅವರು ನಗಲಿಲ್ಲ. ರಾತ್ರಿ ಮಲಗಿದ ಮೇಲೆ ನನಗೆ ಅವರ ಮಾತಿನ ತೂಕ ಗೊತ್ತಾಯಿತು. ಗಮನಕ್ಕೆ ತಂದಿಲ್ಲ ಎನ್ನುವುದು ಬರೀ ದೂರಲ್ಲ, ಅದೊಂದು ಕೊಡೆ. ರಸ್ತೆ ಕಿತ್ತುಹೋಯಿತಾ, ಕೊಡೆ ಬಿಚ್ಚಿ. ಬಿಲ್ ಜಾಸ್ತಿ ಆಯಿತಾ, ಕೊಡೆ ಬಿಚ್ಚಿ. ಈ ಗುಮಾಸ್ತ ವಾರಕ್ಕೊಂದು ಹಾಳೆ ಕಳಿಸಿ ಎಲ್ಲರ ಕೊಡೆಯನ್ನೂ ಕಸಿದುಕೊಂಡಿದ್ದ. ಚಪ್ಪಡಿ ಬಂದಿದೆ, ಹಾಕಿಲ್ಲ ಎಂದು ನಿಮ್ಮ ಮನೆಯ ಟೇಬಲ್ಲಿನ ಮೇಲೆ ಬರೆದಿಟ್ಟ ಮೇಲೆ, ಆ ಗಟಾರದಲ್ಲಿ ಯಾರದ್ದೋ ಕಾಲು ಮುರಿದರೆ ನೀವು ಎಂತ ಹೇಳುವುದು?

ಅತ್ತಿಗೆಗೆ ಇದು ಹೊಳೆದದ್ದು ನನಗಿಂತ ಮೊದಲು. ಒಂದು ದಿನ ಮೀನು ಪೇಟೆಯ ಹೆಂಗಸು ಕೇಳಿದಳು. "ಗಟಾರ ಬಾಯಿ ತೆರೆದು ಕೂತಿದೆ, ನಿಮಗೆ ಗೊತ್ತಿಲ್ವಾ ಅಕ್ಕೋರೇ?" ಮೊದಲಾಗಿದ್ದರೆ ಇಲ್ಲ ಎಂದು ಮನೆಗೆ ಬರಬಹುದಿತ್ತು. ಅತ್ತಿಗೆ ಸುಳ್ಳು ಹೇಳುವವರಲ್ಲ. "ಗೊತ್ತು" ಎಂದರು. ಆಮೇಲೆ ಮೀನು ಕೊಳ್ಳದೆ ಸೀದಾ ಕಚೇರಿಗೆ ಹೋದರು, ಬುಟ್ಟಿ ಕೈಯಲ್ಲೇ ಇತ್ತು. ಚಪ್ಪಡಿ ಹಾಕಿಸುವುದಕ್ಕೆ ನಾಲ್ಕು ಸಲ ಹೋಗಬೇಕಾಯಿತು. ಬಂದು ನನಗೆ ಹೇಳಿದರು. "ತಮ್ಮಾ, ಗೊತ್ತಿಲ್ಲದಾಗಲೇ ಆರಾಮಿತ್ತು ಮಾರಾಯ."

ಆ ಹೊತ್ತಿಗೆ ಅವರ ಮಗ ಅಮೆರಿಕದಿಂದ ಬಂದಿದ್ದ. ಹಾಳೆ ನೋಡಿ ಅವನಿಗೆ ಖುಷಿಯೋ ಖುಷಿ. ಅಲ್ಲಿಯ ಎಷ್ಟೋ ಊರುಗಳಲ್ಲಿ ಸಿಟಿ ಮ್ಯಾನೇಜರ್ ಅಂತ ಒಬ್ಬ ಇರುತ್ತಾನೆ, ಕೌನ್ಸಿಲಿನವರೇ ಅವನನ್ನು ನೇಮಿಸುತ್ತಾರೆ, ಅವನು ವಾರಕ್ಕೊಮ್ಮೆ ಅವರಿಗೆ ಹೀಗೇ ಪತ್ರ ಬರೆಯುವ ರೂಢಿ ಹಲವು ಕಡೆ ಉಂಟು, ಎಲ್ಲಿ ರಸ್ತೆ ಬಂದ್, ಎಲ್ಲಿ ಪೈಪಿನ ಕೆಲಸ, ಯಾವ ಪಾರ್ಕಿನಲ್ಲಿ ಸಂಗೀತ, ಎಲ್ಲ ಇರುತ್ತದೆ ಎಂದ. ಅತ್ತಿಗೆ ದೋಸೆ ಮಗುಚುತ್ತ ಕೇಳಿದರು.

"ಅಲ್ಲಿ ನೀರು ದಿನಾ ಬತ್ತದಾ?"

"ದಿನಾ ಎಂತದು ಆಯಿ, ಇಪ್ಪತ್ನಾಕು ತಾಸೂ ಬರ್ತದೆ."

"ಮತ್ತೆ ಅದರಲ್ಲಿ ಬರೆಯೂಕೆ ಎಂತ ಉಂಟು?"

ಮಗನಿಗೆ ಉತ್ತರ ಬರಲಿಲ್ಲ. ಇನ್ನೊಂದು ದೋಸೆ ಹಾಕಿಸಿಕೊಂಡ.

ಹಾಳೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ದಿನ ಬಂತು. ಗುಮಾಸ್ತನಿಗೆ ವರ್ಗವಾಯಿತು. ಹಾಳೆಯ ಕಾರಣಕ್ಕೆ ಅಂತ ಊರಲ್ಲಿ ಮಾತು, ಅವನೇ ಕೇಳಿ ಮಾಡಿಸಿಕೊಂಡ ಅಂತ ಇನ್ನೊಂದು ಮಾತು. ಅವನ ಹೆಂಡತಿ ಘಟ್ಟದ ಮೇಲಿನವಳು, ಅದೂ ಇರಬಹುದು. ಹೋಗುವ ಮುಂಚಿನ ಶುಕ್ರವಾರದ ಹಾಳೆಯ ಕೊನೆಯಲ್ಲಿ, ಬೀದಿದೀಪದ ಲೆಕ್ಕದ ಕೆಳಗೆ, ತನ್ನ ವರ್ಗದ ಸುದ್ದಿಯನ್ನೂ ಒಂದು ಸಾಲಿನಲ್ಲಿ ಬರೆದಿದ್ದ. ಅವನ ಜಾಗಕ್ಕೆ ಬಂದವರು ವಾಟ್ಸ್ಆ್ಯಪ್ ಗ್ರೂಪು ಮಾಡಿದರು. ಅದರಲ್ಲಿ ದಿನಾ ಬೆಳಿಗ್ಗೆ ಶುಭೋದಯ, ಗುಲಾಬಿ ಹೂವು, ಯಾರದ್ದೋ ಹುಟ್ಟುಹಬ್ಬ, ನಡುವೆ ಎಲ್ಲೋ ಒಂದು ಪೈಪ್‌ಲೈನು. ಮುಂದಿನ ಸಾಮಾನ್ಯ ಸಭೆಯ ವರದಿಯಲ್ಲಿ ನನ್ನ ಹಳೇ ಮಾತು ಮತ್ತೆ ಕಾಣಿಸಿತು. ಹೇಳಿದವರು ಆ ಕವಳದ ಸದಸ್ಯರೇ.

ಅತ್ತಿಗೆಯ ಅವಧಿ ಮುಗಿಯಿತು. ಈಗ ಪುರಸಭೆಗೆ ಆಡಳಿತಾಧಿಕಾರಿ. ಆದರೆ ಅವಧಿ ಮುಗಿದ ಸುದ್ದಿಯನ್ನು ಯಾರೂ ಜನರ ಗಮನಕ್ಕೆ ತಂದ ಹಾಗೆ ಕಾಣುವುದಿಲ್ಲ. ಮೊನ್ನೆ ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಫೋನು ಹೊಡೆದುಕೊಂಡಿತು. ಅತ್ತಿಗೆ ಎತ್ತಲಿಲ್ಲ. ಮೊದಲು ಗೇಟಿನ ಹತ್ತಿರ ಹೋಗಿ ತಿರುವಿನ ಕಡೆ ನೋಡಿದರು. ಸೈಕಲ್ಲು ನಿಂತಿತ್ತು, ಚಪ್ಪಡಿ ಸರಿದಿತ್ತು, ಬಗ್ಗಿದ ಬೆನ್ನು ಒಂದು ಕಾಣುತ್ತಿತ್ತು. ಅಲ್ಲಿಂದಲೇ ಕೂಗಿದರು.

"ಎಷ್ಟು ಸುತ್ತು ಆಯ್ತೋ?"

"ನಾಕು, ಅಕ್ಕೋರೇ."

ಅತ್ತಿಗೆ ಒಳಗೆ ಬಂದು ಫೋನೆತ್ತಿ, "ಹತ್ತು ನಿಮಿಷ, ಕೊಡ ಇಡು" ಎಂದು ಹೇಳಿ, ಚಾಕ್ಕೆ ನೀರಿಟ್ಟರು.