ಸತ್ಯಾಂಶ: ಬೇಬ್ ರೂತ್ ಅನಾಥ ಹುಡುಗನಾಗಿದ್ದನೇ?

‘ತಂದೆತಾಯಿ ಇಲ್ಲದೆ ಅನಾಥಾಶ್ರಮದಲ್ಲಿ ಬೆಳೆದ ಹುಡುಗ ಬೇಬ್ ರೂತ್, ಬ್ಯಾಟ್ ಹಿಡಿದ ದಿನದಿಂದಲೇ ಹೋಮ್ ರನ್ ರಾಜ.’ ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರನ ಬಗೆಗಿನ ಈ ಸ್ಫೂರ್ತಿ ಸಂದೇಶ ನಿಮಗೂ ಬಂದಿರಬಹುದು. (ಹೋಮ್ ರನ್ ಅಂದರೆ ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆಗೆ ಬಾರಿಸುವ ಹೊಡೆತ, ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ.) ಇದರಲ್ಲಿ ಎರಡು ತಪ್ಪುಗಳಿವೆ.

ರೂತ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಪ್ಪ ಮದ್ಯದಂಗಡಿ ನಡೆಸುತ್ತಿದ್ದರು. ಹುಡುಗ ಹೇಳಿದ ಮಾತು ಕೇಳುತ್ತಿರಲಿಲ್ಲ. 1902ರಲ್ಲಿ, ಏಳನೇ ವಯಸ್ಸಿಗೆ, ಅವನನ್ನು ಸೇಂಟ್ ಮೇರೀಸ್ ಇಂಡಸ್ಟ್ರಿಯಲ್ ಸ್ಕೂಲ್ ಎಂಬ, ದಾರಿ ತಪ್ಪಿದ ಹುಡುಗರನ್ನು ತಿದ್ದುವ ವಸತಿ ಶಾಲೆಗೆ ಸೇರಿಸಿದರು. ಆಗ ತಂದೆತಾಯಿ ಇಬ್ಬರೂ ಇದ್ದರು. ಅಪ್ಪ ತೀರಿಕೊಂಡಿದ್ದು 1918ರಲ್ಲಿ. ಅಷ್ಟು ಹೊತ್ತಿಗೆ ಮಗ ಹೆಸರಾಂತ ಆಟಗಾರ! ಆ ಶಾಲೆಯಲ್ಲಿ ಅನಾಥ ಮಕ್ಕಳೂ ಇದ್ದರು, ಹಾಗಾಗಿ ಗೊಂದಲ ಸಹಜವೇ.

ಎರಡನೆಯದು ನನಗೆ ಜಾಸ್ತಿ ಇಷ್ಟವಾದ ವಿಷಯ. 1914ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಬಂದಾಗ ರೂತ್ ಎಡಗೈ ಪಿಚರ್. ಅಂದರೆ ಚೆಂಡು ಎಸೆಯುವವರು. ಸುಮ್ನೆ ಲೆಕ್ಕಕ್ಕಿದ್ದವರಲ್ಲ. 1916ರಲ್ಲಿ 23 ಪಂದ್ಯ ಗೆದ್ದುಕೊಟ್ಟರು. 1916 ಮತ್ತು 1918ರ ವರ್ಲ್ಡ್ ಸೀರೀಸ್‌ಗಳಲ್ಲಿ (ವರ್ಷದ ಚಾಂಪಿಯನ್ ತಂಡವನ್ನು ನಿರ್ಧರಿಸುವ ಫೈನಲ್ ಸರಣಿ) ಸತತ 29 ಇನಿಂಗ್ಸ್‌ಗೂ ಹೆಚ್ಚು ಕಾಲ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ಆ ದಾಖಲೆ ಮುರಿದಿದ್ದು 1961ರಲ್ಲಿ. ಹೊಡೆತದ ಬಲ ಕಂಡ ಮೇಲೆ ತಂಡ ಅವರನ್ನು ನಿಧಾನವಾಗಿ ಬ್ಯಾಟಿಂಗ್ ಕಡೆಗೆ ತಿರುಗಿಸಿತು. ಪಿಚರ್ ದಿನವೂ ಆಡುವುದಿಲ್ಲ, ಬ್ಯಾಟ್ಸ್‌ಮನ್ ದಿನವೂ ಬೇಕು ಅಲ್ವಾ? 1920ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಸೇರಿದ ವರ್ಷವೇ 54 ಹೋಮ್ ರನ್, 1927ರಲ್ಲಿ 60.

ಒಟ್ಟು 714 ಹೋಮ್ ರನ್ ಎಂದು ಸಂದೇಶದಲ್ಲಿದ್ದರೆ, ಅದು ಮಾತ್ರ ಸರಿ.